ಫೋನ್ ಹಿಡಿದು ಹಕ್ಕಿಯ ಬೆನ್ನು ಹತ್ತುವವರಿಗೆ ಮೊದಲು ಬೇಕಾದ್ದು ದುರ್ಬೀನು

ಸಂಪಾದಕರಿಗೆ,

ಮಾನ್ಯರೇ,

ಕಾಫಿ ಕೊಯ್ಲು ಮುಗಿಯುತ್ತ ಬಂದು ತೋಟಗಾರರೆಲ್ಲ ಹೂಮಳೆಗಾಗಿ ಆಕಾಶ ನೋಡುವ ಫೆಬ್ರವರಿಯಲ್ಲೇ ಪ್ರತಿ ವರ್ಷ ‘ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್’ ಎಂಬ ನಾಲ್ಕು ದಿನಗಳ ಹಕ್ಕಿ ಎಣಿಕೆ ನಡೆಯುತ್ತದೆ. ಆ ದಿನಗಳಲ್ಲಿ ಕೊಡಗಿನ ಮೊಬೈಲುಗಳಲ್ಲಿ ಹಕ್ಕಿ ಚಿತ್ರಗಳ ಸುಗ್ಗಿ. ಅದರ ಬೆನ್ನಿಗೇ ಎರಡು ಮಾತು ಓಡಾಡುತ್ತವೆ. ‘ಈಗಿನ ಫೋನಿನಲ್ಲಿ ನೂರು ಪಟ್ಟು ಜೂಮ್ ಇದೆ, ಕ್ಯಾಮೆರಾ ಯಾರಿಗೆ ಬೇಕು’ ಎನ್ನುವುದು ಒಂದು. ‘ಎರಡು ಕಿಲೋ ಲೆನ್ಸ್ ಹೊರದವರು ಹಕ್ಕಿ ಫೋಟೊದ ಮಾತೇ ಆಡಬಾರದು’ ಎನ್ನುವುದು ಇನ್ನೊಂದು. ಎರಡರಲ್ಲೂ ಅರ್ಧ ಸತ್ಯವಿದೆ, ಉಳಿದರ್ಧ ಜಂಬ. ಹಕ್ಕಿ ನೋಡಲು ಆಗತಾನೇ ಹೊರಟ ವಿದ್ಯಾರ್ಥಿಗಳಿಗೆ, ತೋಟದ ಮನೆಗಳವರಿಗೆ, ಹೋಂಸ್ಟೇ ನಡೆಸುವವರಿಗೆ ಉಪಯೋಗವಾದೀತೆಂದು ಈ ಪತ್ರ. ತುಸು ಉದ್ದವೇ ಆಗಿದೆ. ಕತ್ತರಿ ಆಡಿಸುವುದಾದರೆ ಕೊನೆಯ ಕೋರಿಕೆಯನ್ನು ಮಾತ್ರ ದಯವಿಟ್ಟು ಉಳಿಸಿಕೊಳ್ಳಿ.

ನಮ್ಮ ವಾದ ಇಷ್ಟೇ. ದೂರದ ಹಕ್ಕಿಯನ್ನು ಹತ್ತಿರ ತರುವುದು ಫೋನಿನ ಕೈಲಾಗದ ಕೆಲಸ. ಅದು ದುರ್ಬೀನಿನ ಕೆಲಸ. ದುರ್ಬೀನು ತಂದುಕೊಟ್ಟದ್ದನ್ನು ಹಿಡಿದಿಡುವುದರಲ್ಲಿ ಫೋನ್ ಗಟ್ಟಿಗ. ಹಾಗಾಗಿ ಹೊಸ ಫೋನಿಗೆಂದು ಕೂಡಿಟ್ಟ ದುಡ್ಡಿನಲ್ಲಿ ಮೊದಲು ಹತ್ತು ಸಾವಿರದ ಆಸುಪಾಸಿನ ಒಂದು 8×42 (8 ಪಟ್ಟು ಹತ್ತಿರ ತರುವ, ಮುಂದಿನ ಗಾಜು 42 ಮಿ.ಮೀ. ಅಗಲದ) ದುರ್ಬೀನು ಕೊಳ್ಳಿ, ಹಳೇ ಫೋನೇ ಇನ್ನೆರಡು ವರ್ಷ ನಡೆಯಲಿ.

ಇದು ಬಾಯಿ ಮಾತಲ್ಲ, ಲೆಕ್ಕ. ಕೆಮ್ಮೀಸೆ ಪಿಕಳಾರ ಕೊಕ್ಕಿನಿಂದ ಬಾಲದ ತುದಿಯವರೆಗೆ ಸುಮಾರು 20 ಸೆಂ.ಮೀ. ಅಂಗಳದಿಂದ 10 ಮೀಟರ್ ದೂರದ ಹಾಲವಾಣದ ಕೊಂಬೆಯಲ್ಲಿ ಅದು ಕೂತಿದೆ ಎನ್ನಿ. ಹೆಚ್ಚಿನ ಫೋನುಗಳ ಮುಖ್ಯ ಲೆನ್ಸ್ ಹಳೆಯ ಫಿಲ್ಮ್ ಕ್ಯಾಮೆರಾದ ಅಳತೆಯಲ್ಲಿ 24 ಮಿ.ಮೀ. ನಾಭಿದೂರಕ್ಕೆ ಸಮ. ಅಷ್ಟು ಅಗಲ ನೋಟದ ಲೆನ್ಸಿಗೆ 10 ಮೀಟರ್ ದೂರದಲ್ಲಿ ಎಡದಿಂದ ಬಲಕ್ಕೆ ಹದಿನಾಲ್ಕೂವರೆ ಮೀಟರ್ ಕಾಣುತ್ತದೆ. 12 ಮೆಗಾಪಿಕ್ಸೆಲ್ ಚಿತ್ರದ ಅಗಲ 4000 ಪಿಕ್ಸೆಲ್. ಭಾಗಿಸಿದರೆ ಪಿಕಳಾರದ ಪಾಲಿಗೆ ಬರುವುದು ಬರೀ 55 ಪಿಕ್ಸೆಲ್. ಜುಟ್ಟು ಇದೆ ಎಂದು ಊಹಿಸಬಹುದು, ಕೆನ್ನೆಯ ಕೆಂಪು ಹುಡುಕಬೇಕು. ದೂರದ್ದನ್ನು ಹತ್ತಿರ ತರುವ, ಐದು ಪಟ್ಟಿನ ನಿಜವಾದ ಟೆಲಿ ಲೆನ್ಸ್ ಇರುವ ದುಬಾರಿ ಫೋನಿನಲ್ಲಿ ಅದೇ ಹಕ್ಕಿ 275ರ ಸುತ್ತಮುತ್ತ. ಮಾಮೂಲಿ ಫೋನಿಗೇ 8 ಪಟ್ಟಿನ ದುರ್ಬೀನು ಒಡ್ಡಿದರೆ 440. 20 ಪಟ್ಟಿನ ಸ್ಪಾಟಿಂಗ್ ಸ್ಕೋಪ್ (ಒಂಟಿ ಕೊಳವೆಯ ದೊಡ್ಡ ದುರ್ಬೀನು) ಒಡ್ಡಿದರೆ 1100. ಒಂದು ಮೀಟರ್ ಉದ್ದದ ದೊಡ್ಡ ಮಂಗಟ್ಟೆ 50 ಮೀಟರ್ ಆಚೆಯ ಅತ್ತಿಮರದಲ್ಲಿ ಹಣ್ಣು ತಿನ್ನುತ್ತಿದ್ದರೂ ಲೆಕ್ಕ ಇದೇ: ಬರೀ ಫೋನಿಗೆ 55, ದುರ್ಬೀನು ಸೇರಿದರೆ 440.

‘ನೂರು ಪಟ್ಟು ಜೂಮ್’ ಎಂದು ಪೆಟ್ಟಿಗೆಯ ಮೇಲೆ ಬರೆದದ್ದಕ್ಕೂ ಈ ಲೆಕ್ಕಕ್ಕೂ ಸಂಬಂಧವಿಲ್ಲ. ಹೆಚ್ಚಿನ ಫೋನುಗಳಲ್ಲಿ ಲೆನ್ಸಿನ ಶಕ್ತಿ ಮೂರಕ್ಕೋ ಐದಕ್ಕೋ ಮುಗಿಯುತ್ತದೆ, ಅದರಾಚೆಗಿನದು ಇದ್ದ ಚಿತ್ರದ ನಡುವನ್ನು ಕತ್ತರಿಸಿ ಹಿಗ್ಗಿಸುವ ಕೆಲಸ. ಅದನ್ನು ಮನೆಗೆ ಬಂದು ಬೆರಳಿನಲ್ಲೂ ಮಾಡಬಹುದು. ಇನ್ನೊಂದು ಮೋಸ ಹೆಚ್ಚಿನವರ ಗಮನಕ್ಕೇ ಬರುವುದಿಲ್ಲ. ಬೆಳಕು ಕಡಿಮೆಯಾದಾಗ ಫೋನ್ ತನ್ನ ಟೆಲಿ ಲೆನ್ಸನ್ನು ಸದ್ದಿಲ್ಲದೆ ಕೈಬಿಟ್ಟು, ಮುಖ್ಯ ಲೆನ್ಸಿನ ಚಿತ್ರವನ್ನೇ ಕತ್ತರಿಸಿ ‘5 ಪಟ್ಟು’ ಎಂದು ತೋರಿಸುತ್ತದೆ. ಟೆಲಿ ಲೆನ್ಸಿನ ಹಿಂದೆ ಬೆಳಕು ಹಿಡಿಯುವ ಸೆನ್ಸರ್ ಬಹಳ ಸಣ್ಣದು, ಕತ್ತಲಿಗೆ ಅದು ಹೆದರುತ್ತದೆ, ಕಾರಣ ಅಷ್ಟೇ. ತೋಟದೊಳಗೆ, ಅದೂ ಮರ ಕಪಾತು ಆಗದ ರೊಬಸ್ಟಾ ತೋಟದೊಳಗೆ, ನಡುಹಗಲಲ್ಲೂ ಹೀಗಾಗುತ್ತದೆ. ಪರೀಕ್ಷಿಸುವುದು ಸುಲಭ. ಜೂಮನ್ನು ಐದಕ್ಕೆ ಇಟ್ಟು, ಹಿಂಬದಿಯ ಲೆನ್ಸುಗಳನ್ನು ಒಂದೊಂದಾಗಿ ಬೆರಳಿನಿಂದ ಮುಚ್ಚಿ. ಯಾವುದನ್ನು ಮುಚ್ಚಿದಾಗ ಪರದೆ ಕಪ್ಪಾಗುತ್ತದೋ ಆ ಲೆನ್ಸೇ ಕೆಲಸದಲ್ಲಿದೆ. ಟೆಲಿ ಲೆನ್ಸ್ ಮುಚ್ಚಿದರೂ ಹಕ್ಕಿ ಕಾಣುತ್ತಿದ್ದರೆ ಆ ಐದು ಪಟ್ಟು ಹೆಸರಿಗೆ ಮಾತ್ರ. ಹಕ್ಕಿ ತೀರಾ ಹತ್ತಿರ, ಒಂದು ಮೀಟರಿನ ಒಳಗೆ ಬಂದಾಗಲೂ ಹಲವು ಫೋನುಗಳು ಇದೇ ಆಟ ಆಡುತ್ತವೆ. ಟೆಲಿ ಲೆನ್ಸಿಗೆ ಅಷ್ಟು ಹತ್ತಿರ ಫೋಕಸ್ ಆಗುವುದಿಲ್ಲ.

ಈಗ ದುರ್ಬೀನಿಗೆ ಫೋನ್ ಹೊಂದಿಸುವ ಬಗೆ. ದುರ್ಬೀನನ್ನು ಕಣ್ಣಿನಿಂದ ಒಂದು ಅಡಿ ದೂರ ಹಿಡಿದು ಬೆಳಕಿನ ಕಡೆ ತಿರುಗಿಸಿದರೆ ಕಣ್ಣಿಡುವ ಗಾಜಿನ ಮೇಲೆ ಒಂದು ಪುಟ್ಟ ಬೆಳಕಿನ ಬಿಲ್ಲೆ ತೇಲುತ್ತಿರುವುದು ಕಾಣುತ್ತದೆ. ಮುಂದಿನ ಗಾಜಿನ ಅಗಲವನ್ನು ಪಟ್ಟಿನಿಂದ ಭಾಗಿಸಿದರೆ ಆ ಬಿಲ್ಲೆಯ ಅಗಲ ಸಿಗುತ್ತದೆ. 8×42ರಲ್ಲಿ ಸುಮಾರು 5 ಮಿ.ಮೀ., 10×42ರಲ್ಲಿ 4 ಮಿ.ಮೀ., ಜೇಬಿಗೆ ಹಾಕಿಕೊಳ್ಳುವ 8×21ರಲ್ಲಿ ಎರಡೂವರೆಗೆ ಚೂರು ಹೆಚ್ಚು. ಫೋನಿನ ಲೆನ್ಸ್ ಸರಿಯಾಗಿ ಆ ಬಿಲ್ಲೆಯ ಜಾಗದಲ್ಲೇ ಕೂರಬೇಕು. ಬಿಲ್ಲೆ ದೊಡ್ಡದಾದಷ್ಟೂ ಕೂರಿಸುವುದು ಸಲೀಸು. ಫೋನಿಗೆಂದು ಕೊಳ್ಳುವವರಿಗೆ ಹತ್ತು ಪಟ್ಟಿಗಿಂತ ಎಂಟು ಪಟ್ಟಿನದೇ ಮೇಲು ಎನ್ನುವುದು ಇದಕ್ಕೇ, ಕೈ ನಡುಕವೂ ಅದರಲ್ಲಿ ಕಡಿಮೆ.

ಫೋನಿನ ಕ್ಯಾಮೆರಾ ತೆರೆದು ಜೂಮನ್ನು ಒಂದಕ್ಕೆ ಇಡಿ, ಮೇಲೆ ಹೇಳಿದ ಬೆರಳಿನ ಪರೀಕ್ಷೆಯಿಂದ ಮುಖ್ಯ ಲೆನ್ಸ್ ಯಾವುದೆಂದು ಗುರುತು ಮಾಡಿಕೊಳ್ಳಿ. ಹತ್ತಿರದ ವಸ್ತು ಕಂಡ ಕೂಡಲೇ ತಾನಾಗಿ ಮ್ಯಾಕ್ರೊಗೆ ಹಾರುವ ಫೋನಾದರೆ ಆ ಸವಲತ್ತನ್ನು ಮೊದಲೇ ಆಫ್ ಮಾಡಿ. ಇಲ್ಲದಿದ್ದರೆ ದುರ್ಬೀನಿನ ಗಾಜನ್ನೇ ಹೂವೆಂದು ತಿಳಿದು ಬೇರೆ ಲೆನ್ಸಿಗೆ ಜಿಗಿಯುತ್ತದೆ, ಪರದೆಯೆಲ್ಲ ಕಪ್ಪಾಗುತ್ತದೆ. ದುರ್ಬೀನಿನ ಕಣ್ಣುಬಟ್ಟಲನ್ನು, ಅಂದರೆ ಕಣ್ಣು ತಾಗಿಸುವ ಕಡೆಯ ರಬ್ಬರ್ ಅಂಚನ್ನು, ಪೂರ್ತಿ ಮೇಲಕ್ಕೆ ತಿರುಗಿಸಿ, ಕನ್ನಡಕ ಇಲ್ಲದವರು ನೋಡುವಾಗ ಇಡುತ್ತಾರಲ್ಲ, ಹಾಗೆ. ಎಡಗಣ್ಣಿನ ಕೊಳವೆಯನ್ನೇ ಬಳಸಿ. ಕಣ್ಣಿನ ವ್ಯತ್ಯಾಸ ಸರಿಪಡಿಸುವ ಬಳೆ ಸಾಮಾನ್ಯವಾಗಿ ಬಲಗಡೆ ಇರುತ್ತದೆ, ಯಾರೋ ಅದನ್ನು ತಿರುಗಿಸಿಬಿಟ್ಟಿದ್ದರೆ ಅದರ ಕಿರಿಕಿರಿ ಎಡಗಡೆಗೆ ಇಲ್ಲ. ಮೊದಲು ದುರ್ಬೀನಿಗೆ ಕಣ್ಣಿಟ್ಟೇ ಹಕ್ಕಿಯನ್ನು ಹಿಡಿದು ಫೋಕಸ್ ಮಾಡಿ, ದುರ್ಬೀನು ಅಲುಗದಂತೆ ಫೋನನ್ನು ತಂದು ಒರಗಿಸಿ, ಆಮೇಲೆ ಪರದೆ ನೋಡುತ್ತಲೇ ಚಕ್ರವನ್ನು ಕೂದಲೆಳೆಯಷ್ಟು ಆಚೀಚೆ ತಿರುಗಿಸಿ.

ಪರದೆಯ ಸುತ್ತ ಕಪ್ಪು ವೃತ್ತ ಕಂಡರೆ ಹೆದರಬೇಡಿ. ಜೂಮನ್ನು ಒಂದೂವರೆಗೋ ಎರಡಕ್ಕೋ ಏರಿಸಿದರೆ ಅದು ಚೌಕಟ್ಟಿನಾಚೆ ಹೋಗುತ್ತದೆ. ಎರಡು ದಾಟಿಸಬೇಡಿ, ಫೋನ್ ಲೆನ್ಸ್ ಬದಲಿಸಿಬಿಟ್ಟೀತು. ವೃತ್ತದ ಬದಲು ಗೇರುಬೀಜದ ಆಕಾರದ ನೆರಳು ಒಂದು ಬದಿಯಿಂದ ನುಗ್ಗುತ್ತಿದ್ದರೆ ಲೆನ್ಸ್ ಬಿಲ್ಲೆಯ ನಡುವಿನಿಂದ ಜಾರಿದೆ ಎಂದರ್ಥ. ನೆರಳು ಎಲ್ಲ ಕಡೆಯಿಂದ ಒಟ್ಟಿಗೆ ಮುತ್ತಿಕೊಂಡರೆ ಫೋನ್ ತೀರಾ ಹತ್ತಿರವೋ ತೀರಾ ದೂರವೋ ಆಗಿದೆ, ಕಣ್ಣುಬಟ್ಟಲನ್ನು ಒಂದು ಹಂತ ಇಳಿಸಿ ನೋಡಿ.

ಇದನ್ನೆಲ್ಲ ಬರಿಗೈಯಲ್ಲಿ ಮಾಡಲು ಮೂರು ಕೈ ಬೇಕು. ಪೇಟೆಯಲ್ಲಿ ಸಿಗುವ ಪ್ಲಾಸ್ಟಿಕ್ ಹಿಡಿಕೆಗಳು ನಡೆಯುತ್ತವೆ, ಆದರೆ ಮೂರು ಲೆನ್ಸಿನ ಗುಬುಟು ಎದ್ದ ಫೋನುಗಳಿಗೆ ಅವು ಓರೆಯಾಗಿ ಕೂರುವುದು ಹೆಚ್ಚು. ಮನೆಯಲ್ಲೇ ಮಾಡಿಕೊಂಡದ್ದು ಇನ್ನೂ ಗಟ್ಟಿ. ಫೋನಿನ ಗಡುಸಾದ ಹಳೇ ಹಿಂಬದಿಯ ಕವಚ ತೆಗೆದುಕೊಳ್ಳಿ, ಮೆದು ರಬ್ಬರಿನದು ಬೇಡ, ಬಾಗುತ್ತದೆ. ಕಣ್ಣುಬಟ್ಟಲಿನ ಸುತ್ತಳತೆಯನ್ನು ದಾರದಲ್ಲಿ ಅಳೆದು 3.14ರಿಂದ ಭಾಗಿಸಿದರೆ ಅಗಲ ಸಿಕ್ಕಿತು. ಅದಕ್ಕಿಂತ 2–3 ಮಿ.ಮೀ. ದೊಡ್ಡ ಒಳ ಅಗಲದ ಪಿವಿಸಿ ಜಾಯಿಂಟಿನಿಂದ 20 ಮಿ.ಮೀ. ಉದ್ದದ ಬಳೆ ಕತ್ತರಿಸಿ, ಸ್ಪ್ರಿಂಕ್ಲರ್ ಸಾಮಾನಿನ ಮೂಲೆಯಲ್ಲಿ ಅಂಥದ್ದೊಂದು ಬಿದ್ದೇ ಇರುತ್ತದೆ. ಒಳಗೆ ಸೈಕಲ್ ಟ್ಯೂಬಿನ ಪಟ್ಟಿ ಅಂಟಿಸಿ. ಮುಖ್ಯ ಲೆನ್ಸಿನ ನಡುವಿಗೆ ಬಳೆಯ ನಡು ಬರುವಂತೆ ಮೊದಲು ಟೇಪಿನಲ್ಲಿ ತಾತ್ಕಾಲಿಕವಾಗಿ ನಿಲ್ಲಿಸಿ, ಪರದೆ ನೋಡಿ ಸರಿಪಡಿಸಿ, ಆಮೇಲೆ ಎಪಾಕ್ಸಿ ಅಂಟಿನಲ್ಲಿ ಕೂರಿಸಿ ಒಂದು ರಾತ್ರಿ ಬಿಡಿ. ಅಂಟಿಸುವಾಗ ಫೋನ್ ಕವಚದ ಹೊರಗಿರಬೇಕು ಎಂದು ಬೇರೆ ಹೇಳಬೇಕಿಲ್ಲ, ಆದರೂ ಹೇಳಿದ್ದೇವೆ. ನಡುವಿನಿಂದ 2 ಮಿ.ಮೀ. ತಪ್ಪಿದರೂ ಗೇರುಬೀಜದ ನೆರಳು ಬಿಡುವುದಿಲ್ಲ. ಮಾಡಿದ್ದು ಕೆಡುವುದಾದರೆ ಕೆಡುವುದು ಇಲ್ಲೇ.

ದುರ್ಬೀನಿನ ಎರಡು ಕೊಳವೆ ಕೂಡುವ ಜಾಗದ ಮುಂಭಾಗದಲ್ಲಿ ಒಂದು ಪುಟ್ಟ ಮುಚ್ಚಳವಿದ್ದರೆ ತಿರುಗಿಸಿ ತೆಗೆಯಿರಿ, ಒಳಗೆ ಟ್ರೈಪಾಡಿಗೆ ಜೋಡಿಸುವ ತಿರುಪಿನ ಕಂಡಿ ಇರುತ್ತದೆ. ಟ್ರೈಪಾಡ್ ಇಲ್ಲದವರು ಒಂದು ಬಟ್ಟೆ ಚೀಲಕ್ಕೆ ಕಿಲೋ ಅಕ್ಕಿ ತುಂಬಿ ಬಾಯಿ ಹೊಲಿದು, ಗೇಟಿನ ಕಂಬದ ಮೇಲೋ ಜೀಪಿನ ಬಾನೆಟ್ ಮೇಲೋ ಇಟ್ಟು ಅದರ ಮೇಲೆ ದುರ್ಬೀನು ಕೂರಿಸಬಹುದು. ಇಂಜಿನ್ ಆಫ್ ಆಗಿರಲಿ, ಅದರ ನಡುಕ ಚಿತ್ರಕ್ಕೆ ಇಳಿಯುತ್ತದೆ. ಪಾರ್ಚ್‌ಮೆಂಟ್ ಕಾಫಿ ತುಂಬಿದರೂ ಆದೀತು, ಆದರೆ ಈಚಿನ ದರ ನೋಡಿದರೆ ಅಕ್ಕಿಯೇ ವಾಸಿ. ಬೆರಳು ತಾಗಿದರೆ ಫೋನ್ ಅಲುಗುತ್ತದೆ, ಆದ್ದರಿಂದ ಎರಡು ಸೆಕೆಂಡಿನ ಟೈಮರ್ ಇಡಿ. ತಂತಿಯ ಇಯರ್‌ಫೋನ್ ಇದ್ದರೆ ಅದರ ವಾಲ್ಯೂಮ್ ಗುಂಡಿಯೇ ಹಲವು ಫೋನುಗಳಲ್ಲಿ ಶಟರ್.

ಇನ್ನು ಬೆಳಕು. ಫೋನಿನ ಲೆನ್ಸಿನ ಕಿಂಡಿಯನ್ನು ಹಿಗ್ಗಿಸಿ ಕುಗ್ಗಿಸಲು ಸಾಮಾನ್ಯವಾಗಿ ಬರುವುದಿಲ್ಲ. ನಮ್ಮ ಕೈಯಲ್ಲಿರುವುದು ಶಟರ್ ವೇಗ, ಬೆಳಕಿಗೆ ಸೆನ್ಸರಿನ ಚುರುಕು ಹೇಳುವ ಐಎಸ್‌ಒ ಎರಡೇ. ಸುಮ್ಮನೆ ಕೂತ ಹಕ್ಕಿಗೆ ಸೆಕೆಂಡಿನ 1/250ರಿಂದ 1/500, ಕುತ್ತಿಗೆ ಆಡಿಸುವ ಮರಕುಟಿಗಕ್ಕೆ 1/1000, ಹಾರುವುದಕ್ಕೆ 1/2000. ಡಿಸೆಂಬರಿನ ಬೆಳಿಗ್ಗೆ ಎಂಟೂವರೆಗೆ ಮಂಜು ಹರಿದ ಮೇಲೆ ಬಯಲಿನಲ್ಲಿ ಇದೆಲ್ಲ ಸಿಗುತ್ತದೆ. ತೋಟದ ನೆರಳಿಗೆ ಹೋದಿರೋ, 1/500 ಬೇಕೆಂದರೆ ಐಎಸ್‌ಒ ಸಾವಿರ ದಾಟುತ್ತದೆ. ಚಿತ್ರದಲ್ಲಿ ಕಾಳುಕಾಳು ಏಳುತ್ತದೆ, ಅದನ್ನು ಅಳಿಸಲು ಹೋಗಿ ಫೋನ್ ಗರಿಗಳನ್ನೂ ಸೇರಿಸಿ ಒರೆಸಿಬಿಡುತ್ತದೆ. ಆಗ ಹಕ್ಕಿ ಎಣ್ಣೆ ಬಣ್ಣದಲ್ಲಿ ಬರೆದಂತೆ ಕಾಣುವುದು. ‘ನೈಟ್ ಮೋಡ್’ ಇದಕ್ಕೆ ಮದ್ದಲ್ಲ. ಅದು ಹಲವು ಚಿತ್ರಗಳನ್ನು ಒಂದರ ಮೇಲೊಂದು ಪೇರಿಸುವ ಉಪಾಯ, ನಡುವೆ ಹಕ್ಕಿ ತಲೆ ತಿರುಗಿಸಿದರೆ ಎರಡು ಕೊಕ್ಕು ಮೂಡುತ್ತದೆ. ಪ್ರೊ ಮೋಡಿನಲ್ಲಿ ಕಚ್ಚಾ (ರಾ) ಕಡತ ಉಳಿಸುವ ಅವಕಾಶವಿದ್ದರೆ ಉಳಿಸಿ, ಒರೆಸುವ ಕೆಲಸವನ್ನು ಆಮೇಲೆ ನೀವೇ ನಿಧಾನಕ್ಕೆ ಮಾಡಬಹುದು.

ಉಳುಮೆ ಆದ ಗದ್ದೆಯಲ್ಲಿ ಟಿಲ್ಲರಿನ ಹಿಂದೆ ಬೆಳ್ಳಕ್ಕಿಯೂ ಕಾಜಾಣವೂ ಒಟ್ಟಿಗೆ ಇರುತ್ತವೆ. ಎಕ್ಸ್‌ಪೋಷರ್ (ಚಿತ್ರಕ್ಕೆ ಬಿಡುವ ಬೆಳಕಿನ ಹದ) ಕಲಿಯಲು ಇದಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ. ಫೋನ್ ಅಳೆಯುವುದು ಹಕ್ಕಿಯನ್ನಲ್ಲ, ಚೌಕಟ್ಟು ತುಂಬ ಇರುವ ಹಿನ್ನೆಲೆಯನ್ನು. ಕಪ್ಪು ಕೆಸರು ಕಂಡರೆ ಬೆಳಕು ಸಾಲದೆಂದು ಏರಿಸುತ್ತದೆ, ಬೆಳ್ಳಕ್ಕಿ ಸುಣ್ಣದ ಉಂಡೆಯಾಗುತ್ತದೆ. ಬೆಳ್ಳಕ್ಕಿಯ ಮೇಲೆ ಬೆರಳನ್ನು ಒತ್ತಿ ಹಿಡಿದು ಫೋಕಸ್ ಲಾಕ್ ಮಾಡಿ, ಸೂರ್ಯನ ಗುರುತನ್ನು ಕೆಳಗೆಳೆದು 0.7ರಿಂದ 1 ಹಂತ ಇಳಿಸಿ. ಅದೇ ಕಾಜಾಣ ಹಾರಿ ಕರೆಂಟು ತಂತಿಯ ಮೇಲೆ ಕೂತರೆ ಹಿಂದೆ ಬಿಳಿ ಆಕಾಶ. ಈಗ 1ರಿಂದ 2 ಹಂತ ಏರಿಸಬೇಕು. ಆಕಾಶ ಬೆಳ್ಳಗೆ ಹೋಗುತ್ತದೆ, ಹೋಗಲಿ. ಸಿಲ್ವರ್ ಓಕಿನ ತುದಿಯಲ್ಲಿ ಕೂತ ಪ್ರತಿ ಹಕ್ಕಿಗೂ ಇದೇ ನಿಯಮ.

‘ಪೋರ್ಟ್ರೇಟ್ ಮೋಡ್’ ಮುಟ್ಟಲೇಬೇಡಿ. ಅದು ಹಿನ್ನೆಲೆಯನ್ನು ಲೆನ್ಸಿನಿಂದ ಮಸುಕು ಮಾಡುವುದಿಲ್ಲ, ಇದು ಹಕ್ಕಿ, ಇದು ಹಿನ್ನೆಲೆ ಎಂದು ಊಹಿಸಿ ಅಳಿಸುತ್ತದೆ. ಭೀಮರಾಜನ ಬಾಲದ ಎರಡು ತಂತಿ ಆ ಊಹೆಗೆ ಸಿಗುವುದೇ ಇಲ್ಲ. ತಂತಿ ಮಾಯವಾಗಿ, ತುದಿಯ ಗರಿಬಿಲ್ಲೆಗಳು ಎರಡು ಕರಿ ಜೀರುಂಡೆಗಳಂತೆ ಗಾಳಿಯಲ್ಲಿ ತೇಲುತ್ತಿರುತ್ತವೆ. ಪಿಕಳಾರದ ಜುಟ್ಟಿನ ತುದಿಗೂ ಅದೇ ಗತಿ. ಇದಕ್ಕಿಂತ ಕೆಟ್ಟದ್ದು, ಚಿತ್ರವನ್ನು ‘ಚಂದಗೊಳಿಸುವ’ ಎಐ ಸವಲತ್ತು. ಮಸುಕಾದ ಜಾಗದಲ್ಲಿ ಅದು ತನಗೆ ತೋಚಿದ ಗರಿಗಳನ್ನು ಬರೆಯುತ್ತದೆ. ಚಳಿಗಾಲದಲ್ಲಿ ವಲಸೆ ಬರುವ ಪುಟ್ಟ ಎಲೆ ಉಲಿಯಕ್ಕಿಗಳಲ್ಲಿ ಒಂದನ್ನು ಇನ್ನೊಂದರಿಂದ ಬೇರೆ ಮಾಡುವುದೇ ರೆಕ್ಕೆಯ ಮೇಲಿನ ಒಂದು ತೆಳು ಗೆರೆ. ಆ ಗೆರೆಯನ್ನೇ ಫೋನ್ ಬರೆದುಕೊಟ್ಟರೆ ಗುರುತಿಸುವವರು ಏನನ್ನು ನಂಬಬೇಕು?

ಒಂದೊಂದಾಗಿ ಫೋಟೊ ಒತ್ತುವುದಕ್ಕಿಂತ ವಿಡಿಯೊ ತೆಗೆದು ಅದರಿಂದ ಬೇಕಾದ ಕ್ಷಣ ಆರಿಸುವುದು ಎಷ್ಟೋ ಸಲ ಜಾಣತನ. 4ಕೆ ವಿಡಿಯೊದ ಒಂದೊಂದು ಚೌಕಟ್ಟೂ 3840×2160, ಅಂದರೆ 8 ಮೆಗಾಪಿಕ್ಸೆಲ್ ದಾಟುತ್ತದೆ. ಸೆಕೆಂಡಿಗೆ 30 ಸಿಗುತ್ತವೆ. ಹೂ ಮೇಲೆ ಒಂದು ಕ್ಷಣ ನಿಲ್ಲದ ಸೂರಕ್ಕಿಗೆ ಇದೇ ದಾರಿ. ಆದರೆ ಹಳೆಯ ಬಗೆಯ ಕಡತದಲ್ಲಿ ನಿಮಿಷಕ್ಕೆ ಸುಮಾರು 350 ಎಂಬಿ ನುಂಗುತ್ತದೆ, ಹತ್ತು ನಿಮಿಷಕ್ಕೆ ಫೋನ್ ಬಿಸಿಯಾಗುತ್ತದೆ. ಜಾಗ ಖಾಲಿ ಮಾಡಿಕೊಂಡು ಹೊರಡಿ.

ಹಾರಂಗಿ, ಚಿಕ್ಲಿಹೊಳೆ ಹಿನ್ನೀರಿನಂಥ ಕಡೆ ದುರ್ಬೀನೂ ಸಾಲದು, ಸ್ಕೋಪ್ ಬೇಕು. 20–60 ಪಟ್ಟಿನ ಸ್ಕೋಪನ್ನು 20ರಲ್ಲೇ ಬಳಸಿ. 65 ಮಿ.ಮೀ. ಗಾಜಿನ ಸ್ಕೋಪನ್ನು 60ಕ್ಕೆ ಏರಿಸಿದರೆ ಬೆಳಕಿನ ಬಿಲ್ಲೆ 1 ಮಿ.ಮೀ.ಗೆ ಇಳಿದು ಚಿತ್ರ ಕತ್ತಲಾಗುತ್ತದೆ. ಬಿಸಿಲೇರಿದ ಮೇಲೆ ನೀರಿನ ಮೇಲಿನ ಗಾಳಿ ಕುದಿಯುವಂತೆ ಆಡುತ್ತದೆ. ಆಗ ಯಾವ ಬೆಲೆಯ ಲೆನ್ಸಿದ್ದರೂ ನೀರುಕಾಗೆಯ ಅಂಚು ನಡುಗುತ್ತದೆ. ಒಂಬತ್ತರೊಳಗೆ ಮುಗಿಸಿ.

ನಾವು ಹಕ್ಕಿಯ ಹತ್ತಿರ ಹೋಗುವ ಬದಲು ಅದನ್ನೇ ಫೋನಿನ ಹತ್ತಿರ ಕರೆಯುವುದು ಇನ್ನೊಂದು ದಾರಿ, ನಮಗೆ ಹೆಚ್ಚು ಇಷ್ಟವಾದದ್ದೂ ಇದೇ. ಮನೆಯ ಹಿಂದೆ, ಬೆಕ್ಕು ಅಡಗಿ ಕೂರಲಾಗದ ಕಡೆ, 40 ಸೆಂ.ಮೀ. ಅಗಲದ ಮಣ್ಣಿನ ಬಾನಿ ಇಡಿ. ನೀರಿನ ಆಳ ನಡುವಿನಲ್ಲಿ 5 ಸೆಂ.ಮೀ. ದಾಟದಿರಲಿ, ನಿಲ್ಲಲು ಒಂದು ಒರಟು ಕಲ್ಲು ಇರಲಿ, ಅರ್ಧ ಮೀಟರ್ ಮೇಲೆ ಒಂದು ಅಡ್ಡಕೊಂಬೆ. ಎರಡು ದಿನಕ್ಕೊಮ್ಮೆ ನೀರು ಚೆಲ್ಲಿ ಉಜ್ಜದಿದ್ದರೆ ಸೊಳ್ಳೆ ಮರಿಯಾಗುತ್ತದೆ. ಜನವರಿಯಿಂದ ಮಳೆ ಹಿಡಿಯುವವರೆಗೆ ಪಿಕಳಾರ, ಮಡಿವಾಳ, ಕಿತ್ತಳೆ ತಲೆಯ ನೆಲಸಿಳ್ಳಾರ ಬರುತ್ತವೆ. ಸಂಜೆ ಇಳಿ ಹೊತ್ತಿಗೆ ರಾಜಹಕ್ಕಿ ಕೊಂಬೆಯಿಂದ ಒಂದೇ ಸಲ ನೀರಿಗೆ ಬಿದ್ದು ಏಳುತ್ತದೆ. ಬಾನಿಯಿಂದ ಒಂದೂವರೆ ಮೀಟರ್ ದೂರದಲ್ಲಿ ಪುಟ್ಟ ಟ್ರೈಪಾಡಿನ ಮೇಲೆ ಫೋನ್ ನಿಲ್ಲಿಸಿ, ಸದ್ದೆಲ್ಲ ಬಂದ್ ಮಾಡಿ, ಬ್ಲೂಟೂತ್ ಗುಂಡಿ ಹಿಡಿದು ಅಡುಗೆಮನೆಯ ಕಿಟಕಿಯಲ್ಲಿ ಕೂತುಕೊಳ್ಳಿ. ಇಷ್ಟು ಹತ್ತಿರದಲ್ಲಿ ಮುಖ್ಯ ಲೆನ್ಸಿಗೇ ಪಿಕಳಾರ 370 ಪಿಕ್ಸೆಲ್. ಮೂರು ಪಟ್ಟಿನ ಲೆನ್ಸಿದ್ದರೆ 1100. ಅಂದರೆ 10 ಮೀಟರ್ ಆಚೆಯಿಂದ ಸ್ಕೋಪ್ ಕೊಟ್ಟದ್ದಕ್ಕೆ ಸಮ, ಖರ್ಚು ಒಂದು ಬಾನಿ. ಮೊದಲ ಎರಡು ದಿನ ಫೋನಿನ ಬದಲು ಅದೇ ಅಳತೆಯ ಮರದ ತುಂಡು ನಿಲ್ಲಿಸಿದರೆ ಹಕ್ಕಿಗಳಿಗೆ ರೂಢಿಯಾಗುತ್ತದೆ. ಕಾಫಿ ಒಣಹಾಕುವ ಕಣವೂ ಒಳ್ಳೆಯ ಜಾಗವೇ, ಬಾಲ ಕುಣಿಸುವ ಬೂದು ಸಿಪಿಲೆ ಚಳಿಗಾಲ ಪೂರ್ತಿ ಅಲ್ಲೇ ಓಡಾಡಿಕೊಂಡಿರುತ್ತದೆ. ನೆಲದ ಮಟ್ಟಕ್ಕೆ ಫೋನನ್ನು ತಲೆಕೆಳಗೆ ಹಿಡಿದರೆ ಲೆನ್ಸ್ ನೆಲಕ್ಕೆ ತಾಗುವಷ್ಟು ಇಳಿಯುತ್ತದೆ. ಕ್ಯಾಮೆರಾದವರು ಅದಕ್ಕಾಗಿ ಹೊಟ್ಟೆಯ ಮೇಲೆ ಮಲಗಬೇಕು.

ಫೋನ್ ಕ್ಯಾಮೆರಾವನ್ನು ಸಾರಾಸಗಟಾಗಿ ಸೋಲಿಸುವುದು ಧ್ವನಿಯಲ್ಲಿ. ಅಮೆರಿಕದ ಕಾರ್ನೆಲ್ ಪಕ್ಷಿಶಾಸ್ತ್ರ ಪ್ರಯೋಗಾಲಯದ ‘ಮರ್ಲಿನ್’ ಆ್ಯಪ್ ಕೂಗು ಕೇಳಿ ಹೆಸರು ಸೂಚಿಸುತ್ತದೆ. ಗಾಳಿಬೀಡು, ಭಾಗಮಂಡಲದ ಕಡೆ ನೆಟ್‌ವರ್ಕ್ ನಂಬಿಕೊಂಡು ಹೋಗಬೇಡಿ, ಭಾರತದ ಹಕ್ಕಿಗಳ ಕಡತವನ್ನು ಮನೆಯಲ್ಲೇ ಇಳಿಸಿಕೊಳ್ಳಿ. ಜಿಪಿಎಸ್‌ಗೆ ಮೊಬೈಲ್ ಸಿಗ್ನಲ್ ಬೇಕಿಲ್ಲ. ಆದರೆ ಆ್ಯಪ್ ಹೇಳಿದ್ದೇ ವೇದವಲ್ಲ. ಭೀಮರಾಜ ಬೇರೆ ಹಕ್ಕಿಗಳ ಕೂಗನ್ನು ಅಣಕಿಸುವುದರಲ್ಲಿ ಪಳಗಿದ್ದು, ಎಲೆ ಹಕ್ಕಿಯೂ ಕಡಿಮೆಯಿಲ್ಲ. ಒಂದೇ ಮರದಿಂದ ಐದು ನಿಮಿಷದಲ್ಲಿ ಏಳು ಹೆಸರು ಬಂದರೆ ಮರದಲ್ಲಿರುವುದು ಒಂದೇ ಭೀಮರಾಜ ಎಂದು ಶಂಕಿಸುವುದು ಕ್ಷೇಮ. ಕಣ್ಣಿಗೆ ಕಾಣದ್ದನ್ನು ಪಟ್ಟಿಗೆ ಸೇರಿಸುವ ಮುನ್ನ ಧ್ವನಿ ಕಡತ ಉಳಿಸಿಕೊಂಡು ಬಲ್ಲವರಿಗೆ ಕೇಳಿಸಿ. ಅದೇ ಆ್ಯಪಿನಿಂದ ಕೂಗು ಹೊರಡಿಸಿ ಹಕ್ಕಿಯನ್ನು ಕರೆಯುವುದು ಮಾತ್ರ ಬೇಡ. ತನ್ನ ಜಾಗಕ್ಕೆ ಇನ್ನೊಂದು ಗಂಡು ಬಂತೆಂದು ಅದು ಮೇವು ಬಿಟ್ಟು, ಮರಿ ಬಿಟ್ಟು ಓಡಿ ಬರುತ್ತದೆ.

ಹಾಗಾದರೆ ಕ್ಯಾಮೆರಾ ಯಾವಾಗ ಬೇಕು? ಹಾರುವ ಹಕ್ಕಿಗೆ ಬೇಕು, ದುರ್ಬೀನಿಗೆ ಕಟ್ಟಿದ ಫೋನಿನಲ್ಲಿ ಹಾರಾಟ ಹಿಂಬಾಲಿಸುವುದು ಆಗದ ಮಾತು. ಕಾಡಿನ ಕತ್ತಲಲ್ಲಿ ಅಲುಗಾಡದೆ ಕೂರುವ ಕಾಕರಣೆ ಹಕ್ಕಿಯಂಥದ್ದಕ್ಕೂ ಬೇಕು. ಮಾಮೂಲಿ ಡಿಎಸ್‌ಎಲ್‌ಆರ್ ಸೆನ್ಸರ್ 23.5×15.6 ಮಿ.ಮೀ. ಇರುವಲ್ಲಿ ಒಳ್ಳೆಯ ಫೋನಿನ ಮುಖ್ಯ ಸೆನ್ಸರ್ 10×7.5ರ ಆಸುಪಾಸು. ಬೆಳಕು ಹಿಡಿಯುವ ಹರಿವಾಣ ಅಷ್ಟು ಚಿಕ್ಕದು. ಹಾಗೆಂದು 150–600 ಮಿ.ಮೀ. ಲೆನ್ಸ್ ಕೊಳ್ಳಲು ಹೊರಟರೆ ಲೆನ್ಸಿಗೇ ಲಕ್ಷದ ಆಸುಪಾಸು, ತೂಕ 2 ಕಿಲೋ, ತಡಿಯಂಡಮೋಳ್ ಬೆಟ್ಟ ಹತ್ತುವಾಗ ಅದು ನಾಲ್ಕು ಕಿಲೋ ಅನ್ನಿಸುತ್ತದೆ. ನಡುವಿನ ದಾರಿ ಬ್ರಿಜ್ ಕ್ಯಾಮೆರಾ, ಅಂದರೆ ಬಿಚ್ಚಲಾಗದ ಒಂದೇ ಜೂಮ್ ಲೆನ್ಸಿನ ಕ್ಯಾಮೆರಾ. 2015ರಲ್ಲಿ ಬಂದ ನಿಕಾನ್ ಕೂಲ್‌ಪಿಕ್ಸ್ ಪಿ900ರಲ್ಲಿ 83 ಪಟ್ಟು ನಿಜವಾದ ಜೂಮ್ ಇದೆ, 2000 ಮಿ.ಮೀ.ಗೆ ಸಮ. ಸೆಕೆಂಡ್ ಹ್ಯಾಂಡ್ ಸಿಕ್ಕರೆ ಬಿಸಿಲಿಗೆ ಒಳ್ಳೆಯದೇ. ಆದರೆ ಅದರ ಸೆನ್ಸರ್ ಈಗಿನ ಒಳ್ಳೆಯ ಫೋನಿನದಕ್ಕಿಂತಲೂ ಸಣ್ಣದು, ತೋಟದ ನೆರಳಿನಲ್ಲಿ ಅದೂ ಒದ್ದಾಡುತ್ತದೆ.

ಕೊಡಗಿನ ಮಳೆಗಾಲದಲ್ಲಿ ಗಾಜಿಗೆ ಬೂಷ್ಟು ಹಿಡಿಯುವುದು ಹೊಸ ಸಂಗತಿಯಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದುರ್ಬೀನನ್ನು ಚರ್ಮದ ಚೀಲದಲ್ಲಿ ಇಡಬೇಡಿ, ಚೀಲಕ್ಕೇ ಮೊದಲು ಬೂಷ್ಟು. ಗಾಳಿಯಾಡದ ಡಬ್ಬಿಯಲ್ಲಿ 100 ಗ್ರಾಂ ನೀಲಿ ಸಿಲಿಕಾ ಜೆಲ್ ಜೊತೆ ಇಡಿ, ಅದು ಗುಲಾಬಿ ಬಣ್ಣಕ್ಕೆ ತಿರುಗಿದಾಗ ಬಾಣಲೆಯಲ್ಲಿ ಹದವಾಗಿ ಬಿಸಿ ಮಾಡಿ ಮತ್ತೆ ನೀಲಿ ಮಾಡಿಕೊಳ್ಳಿ. ಆ ಬಾಣಲೆ ಮತ್ತೆ ಅಡುಗೆಗೆ ಬೇಡ. ಫೋನಿನ ಲೆನ್ಸನ್ನು ಅಂಗಿಯ ತುದಿಯಿಂದ ಒರೆಸುವ ಅಭ್ಯಾಸವೂ ಬಿಡಬೇಕು. ಬೆರಳಿನ ಎಣ್ಣೆ ಮೆತ್ತಿದ ಲೆನ್ಸಿಗೆ ಎದುರು ಬಿಸಿಲು ಬಿದ್ದರೆ ಚಿತ್ರವೆಲ್ಲ ಹಾಲು ಚೆಲ್ಲಿದಂತೆ ಆಗುತ್ತದೆ, ಜನ ಫೋನನ್ನು ಬೈಯುತ್ತಾರೆ.

ತೋಟದಲ್ಲಿ ಒಬ್ಬರೇ ನಿಂತು ಪರದೆಯೊಳಗೆ ಮುಳುಗಬೇಡಿ. ಸಿದ್ದಾಪುರ, ಪೊನ್ನಂಪೇಟೆ ಕಡೆಯ ತೋಟಗಳಲ್ಲಿ ಬೆಳಗಿನ ಹೊತ್ತು ಕಾಡಾನೆ ಇನ್ನೂ ಒಳಗೇ ಇರುತ್ತದೆ. ದುರ್ಬೀನಿಗೆ ಕಣ್ಣಿಟ್ಟವರಿಗೆ ಪಕ್ಕದಲ್ಲಿ ಹಲಸಿನ ಕೊಂಬೆ ಮುರಿದದ್ದೂ ಕೇಳಿಸುವುದಿಲ್ಲ. ಇಬ್ಬರು ಹೋಗಿ, ಒಬ್ಬರ ಕಣ್ಣು ಸುತ್ತ ಇರಲಿ.

ಗೂಡಿನ ವಿಷಯ ಹೇಳದೆ ಮುಗಿಸಲಾಗದು. ಫೋನಿನಲ್ಲಿ ಚಿತ್ರ ಸಿಗಬೇಕಾದರೆ ಹತ್ತಿರ ಹೋಗಬೇಕು, ಹತ್ತಿರ ಹೋದರೂ ಹಾರಿಹೋಗದ ಹಕ್ಕಿ ಎಂದರೆ ಗೂಡಿನಲ್ಲಿ ಕೂತದ್ದು. ಹಾಗಾಗಿ ಫೋನಿನವರೇ ಗೂಡಿನ ಕಡೆ ಹೆಚ್ಚು ಜಾರುತ್ತಾರೆ. ಮಂಗಟ್ಟೆಯಲ್ಲಿ ಹೆಣ್ಣು ಪೊಟರೆಯೊಳಗೆ ಸೇರಿ ಪೊಟರೆಯ ಬಾಯಿಯನ್ನು ಮೆತ್ತಿಕೊಂಡು, ಒಂದು ಸೀಳಿನಷ್ಟೇ ಬಿಟ್ಟು ವಾರಗಟ್ಟಲೆ ಕೂರುತ್ತದೆ. ಹೊರಗಿನಿಂದ ಗಂಡು ಹಣ್ಣು ತಂದು ಕೊಡಬೇಕು. ಮರದ ಬುಡದಲ್ಲಿ ಜನ ನಿಂತಿದ್ದರೆ ಗಂಡು ಬರುವುದಿಲ್ಲ, ಒಳಗಿರುವುದು ಹಸಿದು ಕೂರುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ‘ಬೇಟೆ’ ಎಂಬ ಪದದ ವಿವರಣೆಯಲ್ಲೇ ಕಾಡುಹಕ್ಕಿಗಳ ಮೊಟ್ಟೆಗೆ, ಗೂಡಿಗೆ ತೊಂದರೆ ಕೊಡುವುದೂ ಸೇರಿದೆ. ಚಿತ್ರ ಚೆನ್ನಾಗಿ ಬರಲೆಂದು ಗೂಡಿನ ಮುಂದಿನ ಎಲೆ ಸರಿಸುವವರಿಗೆ ಇದು ತಿಳಿದಿರಲಿಕ್ಕಿಲ್ಲ.

ಇದೇ ಕಾರಣಕ್ಕೆ ತಮ್ಮಲ್ಲಿ ನಮ್ಮ ಕೋರಿಕೆ. ಓದುಗರು ಕಳಿಸುವ ಹಕ್ಕಿ ಚಿತ್ರಗಳನ್ನು ಪ್ರಕಟಿಸುವಾಗ ಗೂಡು, ಮೊಟ್ಟೆ, ಮರಿಯ ಚಿತ್ರ ಎಷ್ಟೇ ಚಂದವಿದ್ದರೂ ಬದಿಗಿಡಿ. ಗೂಬೆ, ಮಂಗಟ್ಟೆಯ ಚಿತ್ರವಾದರೆ ಜಾಗದ ಹೆಸರು ತಾಲ್ಲೂಕಿನವರೆಗೆ ಸಾಕು, ಊರು, ತೋಟ ಬೇಡ. ಚಿತ್ರವನ್ನು ವಾಟ್ಸ್‌ಆ್ಯಪಿನಲ್ಲಿ ಫೋಟೊ ಆಗಿ ಕಳಿಸಿದರೆ ಅದು ಕುಗ್ಗುತ್ತದೆ, ತೆಗೆದ ದಿನ, ಹೊತ್ತು, ಲೆನ್ಸಿನ ವಿವರವೂ ಅಳಿಸಿಹೋಗುತ್ತದೆ. ‘ಡಾಕ್ಯುಮೆಂಟ್’ ಆಗಿ, ಇಲ್ಲವೇ ಇಮೇಲಿನಲ್ಲಿ ಮೂಲ ಕಡತವನ್ನೇ ಕಳಿಸಿ ಎಂದು ಒಂದು ಸಾಲು ಸೂಚನೆ ಹಾಕಿ. ಎಐ ಕೈ ಆಡಿಸಿದ ಚಿತ್ರವಾದರೆ ಕಳಿಸುವವರೇ ಹೇಳಬೇಕೆಂದೂ ಸೇರಿಸಿ. ಒಂದು ಕಾಲಂ ಅಗಲಕ್ಕೆ ದುರ್ಬೀನಿಗೆ ಫೋನ್ ಒಡ್ಡಿ ತೆಗೆದ 440 ಪಿಕ್ಸೆಲ್‌ಗಳ ಪಿಕಳಾರ ಧಾರಾಳ ಸಾಕು. ಮುಂದಿನ ಫೆಬ್ರವರಿಯ ಎಣಿಕೆಗೆ ಮೊದಲೇ ಈ ಸೂಚನೆ ಅಚ್ಚಾದರೆ ಅನುಕೂಲ.

ಇಂತಿ,
ಹಕ್ಕಿ ನೋಡುವ ಕೆಲವು ಓದುಗರು,
ಮಡಿಕೇರಿ ತಾಲ್ಲೂಕು, ಕೊಡಗು